ಅಪ್ಪನ ಸಮುದ್ರ

ಹೋಂಸ್ಟೇ ಎಂಬ ಮಾತು ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ. ಆದರೂ ನಮ್ಮ ಮನೆಯಲ್ಲಿ ಜನ ತಪ್ಪುತ್ತಿರಲಿಲ್ಲ. ಬಂದವರನ್ನು ಅಪ್ಪ ಹೊರನಾಡಿಗಾಗಲಿ ಕುದುರೆಮುಖಕ್ಕಾಗಲಿ ಕರೆದುಕೊಂಡು ಹೋದವರಲ್ಲ. ಎಲ್ಲರೂ ನೋಡುವುದನ್ನು ನೋಡಲು ಬಸ್ಸಿದೆಯಲ್ಲ ಎನ್ನುವುದು ಅವರ ವಾದ. ಕಳಸದಿಂದ ಜೀಪಿನಲ್ಲಿ ಕುಲುಕಿಸಿಕೊಂಡು ನಮ್ಮ ತೋಟಕ್ಕೆ ಬಂದಿಳಿದವರಿಗೆ ಅವರು ತಮ್ಮದೇ ಆದ ಪ್ರೇಕ್ಷಣೀಯ ಸ್ಥಳಗಳನ್ನು ತೋರಿಸುತ್ತಿದ್ದರು. ಬಿಳಿ ದೊರೆಯೊಬ್ಬ ತನ್ನ ನಾಯಿಗೆ ಕಟ್ಟಿಸಿದ ಸಮಾಧಿ ಒಂದಿತ್ತು. ದೊರೆಯ ಸಮಾಧಿ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಅದರಾಚೆ, ಗುಜರಿ ಜೀಪೊಂದರ ಬಾನೆಟ್ಟಿನೊಳಗಿಂದ ಎದ್ದು ಬೆಳೆದ ಹಲಸಿನ ಮರ. ಕೊನೆಗೆ ಸಮುದ್ರ.

ತೋಟದ ನೆತ್ತಿಯಲ್ಲಿ ಒಂದು ಬಂಡೆ. ಬೆಳಿಗ್ಗೆ ಅದರ ಮೇಲೆ ನಿಂತರೆ ಕಣಿವೆ ತುಂಬ ಬೆಳ್ಳಗೆ ಮಂಜು. ಅಪ್ಪ ನೆಂಟರ ಭುಜ ಹಿಡಿದು ತಿರುಗಿಸಿ, "ಆ ಗುಡ್ಡದ ಸಂದೀಲಿ ನೋಡಿ, ನೀಲಿಗೆ ಒಂದು ಗೆರೆ. ಅದೇ ಅರಬ್ಬೀ ಸಮುದ್ರ. ಕಾಣ್ತದಾ?" ಎನ್ನುತ್ತಿದ್ದರು. ಸೂರ್ಯ ಅದೇ ಗುಡ್ಡದ ಮೇಲೆ ಆಗಷ್ಟೇ ಹುಟ್ಟಿ ನೆಂಟರ ಕಣ್ಣಿಗೆ ಹೊಡೆಯುತ್ತಿದ್ದ. ಪಶ್ಚಿಮದ ಸಮುದ್ರ ಪೂರ್ವಕ್ಕೆ ಯಾವಾಗ ಬಂತು ಎಂದು ಕೇಳುವುದು ಬಿಟ್ಟು ಬ್ಯಾಂಕಿನ ಮ್ಯಾನೇಜರುಗಳು, ಬೆಂಗಳೂರಿನ ಚಿಕ್ಕಪ್ಪಂದಿರು ಹುಬ್ಬಿಗೆ ಕೈ ಅಡ್ಡ ಹಿಡಿದು, "ಕಾಣ್ತಾ ಇದೆ, ಕಾಣ್ತಾ ಇದೆ" ಎನ್ನುತ್ತಿದ್ದರು. ಒಬ್ಬರಿಗೆ ಅಲೆಯ ಸದ್ದೂ ಕೇಳಿಸಿತ್ತು.

ವಾಪಸು ಅಂಗಳಕ್ಕೆ ಕಾಲಿಡುತ್ತಲೇ ಅಪ್ಪ ಫಲಿತಾಂಶ ಕೂಗುತ್ತಿದ್ದರು. "ನಮ್ಮ ಕಾಫಿ ತಗಂಡ್ ಬಾ" ಎಂದರೆ, ಬಂದವರು ಏನೂ ಕಾಣಲಿಲ್ಲವೆಂದು ಒಪ್ಪಿಕೊಂಡಿದ್ದಾರೆ, ಮೊದಲ ಡಿಕಾಕ್ಷನ್ನಿನ ಗಟ್ಟಿ ಕಾಫಿ ಕೊಡಬೇಕು. ಬರೀ "ಕಾಫಿ ತಗಂಡ್ ಬಾ" ಎಂದರೆ ಸಮುದ್ರ ಕಂಡಿದೆ. ಅಂಥವರಿಗೆ ಅದೇ ಪುಡಿಗೆ ಇನ್ನೊಮ್ಮೆ ನೀರು ಹೊಯ್ದು ಇಳಿಸಿದ್ದು ಸಾಕು. ಅಡುಗೆಮನೆಯಲ್ಲಿ ನಾನೂ ಅಮ್ಮನೂ ಮುಖ ಮುಖ ನೋಡಿಕೊಳ್ಳದೆ ಲೋಟ ಜೋಡಿಸುತ್ತಿದ್ದೆವು. ನೋಡಿಕೊಂಡರೆ ನಗು ಜಗಲಿಗೆ ಕೇಳುತ್ತಿತ್ತು.

ತೊಂಬತ್ತರ ದಶಕದ ಕೊನೆಗೆ ನನ್ನನ್ನು ನೋಡಲು ಗಂಡುಗಳು ಬರತೊಡಗಿದಾಗ ಅಪ್ಪ ಅವರನ್ನೂ ಬಂಡೆ ಹತ್ತಿಸಿದರು. "ಕಾಣದ್ದನ್ನ ಕಂಡೆ ಅನ್ನೋನಿಗೆ ಮಗಳನ್ನ ಕೊಡೋದಿಲ್ಲ" ಎಂದು ಅಮ್ಮನೆದುರು ಶಪಥ ಬೇರೆ. ಬಂದವರೆಲ್ಲ ಸಮುದ್ರ ಕಂಡು, ನೀರು ಕಾಫಿ ಕುಡಿದು, ಜೀಪು ಹತ್ತಿದರು. ಅವರಲ್ಲಿ ಒಬ್ಬರೂ ನನಗೆ ಹಿಡಿಸಿರಲಿಲ್ಲ. ಹಾಗಾಗಿ ಅಪ್ಪನ ಪರೀಕ್ಷೆಯಷ್ಟು ಒಳ್ಳೆಯದು ಪ್ರಪಂಚದಲ್ಲಿ ಇನ್ನೊಂದಿಲ್ಲ ಎಂದುಕೊಂಡಿದ್ದೆ.

ಆಮೇಲೆ ವಸ್ತಾರೆ ಕಡೆಯವರೊಬ್ಬರು ತಮ್ಮ ಅಕ್ಕನ ಜೊತೆ ಬಂದರು. ಚಿಕ್ಕಮಗಳೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ಭೂಗೋಳ ಕಲಿಸುವ ಮೇಷ್ಟ್ರು. ಬಂದದ್ದು ಸಂಜೆಯಾದ್ದರಿಂದ ಆ ದಿನಕ್ಕೆ ನಾಯಿಯ ಸಮಾಧಿ, ಹಲಸಿನ ಮರ ಮಾತ್ರ ಮುಗಿದವು. ಸಮುದ್ರ ಬೆಳಿಗ್ಗೆಗೆ ಉಳಿಯಿತು. ನಾನೂ ಹಿಂದಿನಿಂದ ಹೋಗಿದ್ದೆ. ಆ ಮರದ ಮುಂದೆ ಎಲ್ಲರೂ ಫೋಟೋ ಹೊಡೆಸಿಕೊಳ್ಳುವವರೇ. ಇವರು ಮಾತ್ರ ಜೀಪಿನೊಳಗೆ ಇಣುಕಿ, "ಡ್ರೈವರ್ ಏನಾದ?" ಎಂದು ಕೇಳಿದರು. ಹುಟ್ಟಿದಾಗಿನಿಂದ ಅದೇ ಮರದ ತೊಳೆ ತಿಂದ ನನಗೇ ಆ ಪ್ರಶ್ನೆ ಹೊಳೆದಿರಲಿಲ್ಲ. ಸುಳ್ಳೇಕೆ, ಮನೆಗೆ ಮರಳುವ ದಾರಿಯಲ್ಲೇ ನನಗೆ ಮನುಷ್ಯ ಹಿಡಿಸಿಬಿಟ್ಟಿದ್ದರು.

ಬಂಡೆಯ ಗುಟ್ಟನ್ನು ಅವರ ಕಿವಿಗೆ ಹಾಕಿಬಿಡಲೇ ಎಂಬ ಯೋಚನೆ ಬರದೆ ಇರಲಿಲ್ಲ. ಆದರೆ ಹೇಳಿಕೊಟ್ಟು ಪಾಸು ಮಾಡಿಸಿದ ಗಂಡ ನನಗೂ ಬೇಡವಾಗಿತ್ತು. ಅಲ್ಲದೆ ಭೂಗೋಳದ ಮೇಷ್ಟ್ರಿಗೆ ಪೂರ್ವ ಯಾವುದೆಂದು ನಾನು ಹೇಳಬೇಕೇ? ಬೆಳಿಗ್ಗೆ ಅವರು ಅಪ್ಪನ ಹಿಂದೆ ಗುಡ್ಡ ಹತ್ತುತ್ತಿದ್ದಂತೆ ನಾನು ಧೈರ್ಯವಾಗಿ ಹೊಸ ಪುಡಿ ಹಾಕಿ ಕಾದೆ.

ಅಪ್ಪ ಎಂದಿಗಿಂತ ಬೇಗ ಇಳಿದು ಬಂದರು. ಮುಖ ಕೆಂಪೇರಿತ್ತು.

"ಕಾಫಿ ತಗಂಡ್ ಬಾ."

ಬರೀ ಕಾಫಿ. "ಇನ್ನೊಬ್ರು ಬರ್ತಾರೆ ಬಿಡು" ಎಂದರು ಅಮ್ಮ. ನನಗೆ ಇನ್ನೊಬ್ಬರು ಬೇಕಿರಲಿಲ್ಲ. ಅಳು ಬರಬೇಕಾದಲ್ಲಿ ಸಿಟ್ಟು ಬಂತು, ಅಪ್ಪನ ಮೇಲೊಂದಿಷ್ಟು, ಆ ಮೇಷ್ಟ್ರ ಮೇಲೆ ಬಹಳಷ್ಟು. ಅಪ್ಪನಿಗೆ ಗಟ್ಟಿ ಕಾಫಿ, ಅವರಿಗೆ ನೀರು ಕಾಫಿ, ಎರಡನ್ನೂ ಒಂದೇ ತಟ್ಟೆಯಲ್ಲಿ ಜಗಲಿಗೆ ಒಯ್ದು ಅವರವರ ಮುಂದೆ ಕುಕ್ಕಿದೆ.

"ನೀವು ಭೂಗೋಳ ಹೇಳ್ಕೊಡೋರಲ್ವಾ? ಸೂರ್ಯ ಹುಟ್ಟೋ ಕಡೆ ನಿಮಗೆ ಅರಬ್ಬೀ ಸಮುದ್ರ ಹೆಂಗೆ ಕಾಣ್ತು?"

ಅವರ ಅಕ್ಕ ಕೋಡುಬಳೆ ಕಡಿಯುವುದನ್ನು ನಿಲ್ಲಿಸಿದರು. ಮೇಷ್ಟ್ರು ಒಂದು ಗುಟುಕು ಕುಡಿದು, ಲೋಟದೊಳಗೆ ನೋಡಿ, ಕೆಳಗಿಟ್ಟರು.

"ಅಲ್ಲಿ ಮಂಜು ಬಿಟ್ರೆ ಏನೂ ಇಲ್ಲ. ನಿಮ್ಮಪ್ಪ ಆಟ ಆಡ್ತಿದಾರೆ ಅಂತ ಗೊತ್ತಾಯ್ತು, ನಾನೂ ಆಡ್ದೆ. ಕಾಣ್ತು ಅಂದೆ. ಒಂದು ಬಿಳಿ ಹಡಗೂ ಹೋಗ್ತಾ ಇದೆಯಲ್ಲ, ನಿಮಗೆ ಕಾಣ್ತಾ ಅಂತ ಅವ್ರನ್ನೇ ಕೇಳ್ದೆ."

"ಅಪ್ಪ ಏನಂದ್ರು?"

"ಅದು ದಿನಾ ಇದೇ ಹೊತ್ತಿಗೆ ಹೋಗೋದು ಅಂದ್ರು."

ಬಾಗಿಲ ಹಿಂದೆ ನಿಂತಿದ್ದ ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಅಪ್ಪ ಅಂಗಳದಲ್ಲಿ ಒಣಗಲು ಹರವಿದ್ದ ಕಾಫಿಯನ್ನೇ ನೋಡುತ್ತಿದ್ದರು, ಅದರಲ್ಲೇನೋ ಕಲ್ಲು ಸೇರಿದೆ ಎಂಬಂತೆ. ನಾನು ಅಪ್ಪನ ಮುಂದಿದ್ದ ಲೋಟ ಎತ್ತಿ ಮೇಷ್ಟ್ರ ಕೈಗೆ ಕೊಟ್ಟೆ. ಮೇಷ್ಟ್ರದ್ದನ್ನು ಅಪ್ಪನ ಮುಂದೆ ಇಟ್ಟೆ.

ಅಪ್ಪ ಒಮ್ಮೆ ನನ್ನನ್ನು, ಒಮ್ಮೆ ಲೋಟವನ್ನು ನೋಡಿದರು. ಕುಡಿದರು.

"ಒಂಚೂರು ಸಕ್ಕರೆನಾದ್ರೂ ಹಾಕು ಮಾರಾಯ್ತಿ" ಎಂದರು.

ನಾನು ಹಾಕಲಿಲ್ಲ. ಅವರು ಅದನ್ನು ಹಾಗೆಯೇ ಕುಡಿದು ಮುಗಿಸಿ, ಮೀಸೆ ಒರೆಸಿಕೊಂಡು, ಮೇಷ್ಟ್ರ ಅಕ್ಕನ ಕಡೆ ತಿರುಗಿ ಮದುವೆಯ ಮಾತು ತೆಗೆದರು.