ಹೆಣ್ಮಕ್ಕಳ ಆಟ ಬರುವವರೆಗೆ

ಹೊಳಲ್ಕೆರೆಯ ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ನಾನು ದಿನಕ್ಕೆ ಹತ್ತಾರು ಸಲ ಹೇಳುತ್ತಿದ್ದ ಮಾತು ಒಂದೇ: "ಸರ್ವರ್ ಡೌನ್ ಐತೆ, ನಾಳೆ ಬರ್ರಿ." ಪಹಣಿಗೆ ಬಂದವರು, ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ಬಂದವರು, ಮಕ್ಕಳ ಸ್ಕಾಲರ್‌ಶಿಪ್ಪಿಗೆ ಬಂದವರು, ಎಲ್ಲರೂ ನನ್ನನ್ನು ನಾಲ್ಕು ಮಾತು ಬೈದೇ ಹೋಗುತ್ತಿದ್ದರು. ಈ ಜನಕ್ಕೆ ಒಂದಿಷ್ಟು ತಾಳ್ಮೆ ಬೇಡವೇ ಎಂದು ನಾನು ಒಳಗೊಳಗೇ ಉರಿಯುತ್ತಿದ್ದೆ. ಅದೇ ನಾನು ಒಂದು ಕ್ರಿಕೆಟ್ ವಿಡಿಯೋ ಗೇಮ್ ಬರಲು ತಡವಾಯಿತೆಂದು ವರ್ಷಗಟ್ಟಲೆ ಕಂಡಕಂಡವರ ಮೇಲೆ ಹರಿಹಾಯ್ದವಳು. ಈಗ ನೆನೆದರೆ ನಗು ಬರುತ್ತದೆ. ಆಗ ಮಾತ್ರ ನಗು ಬರುವಂಥ ವಿಷಯವಾಗಿರಲಿಲ್ಲ. ಆ ಆಟಕ್ಕೂ ನಮ್ಮಜ್ಜಿಯ ಕಣ್ಣಿಗೂ ಗಂಟು ಬಿದ್ದಿತ್ತು, ಹಾಕಿದವಳು ನಾನೇ.

ನಮ್ಮೂರು ಚಿಕ್ಕಜಾಜೂರಿನಿಂದ ಕೂಗಳತೆಯ ಹಳ್ಳಿ. ಅಮ್ಮನ ಅಮ್ಮನಾದ ಅಜ್ಜಿ ನಮ್ಮ ಜೊತೆಗೇ ಇದ್ದಳು. ಹರೆಯದಲ್ಲಿ ಅವಳು ಕುರಿ ಕಾಯ್ದವಳು. ಮಂದೆ ಯಾರದೋ ಜೋಳದ ಹೊಲದ ಕಡೆ ತಿರುಗಿದರೆ ಅವಳು ಎದ್ದು ಹೋಗುತ್ತಿರಲಿಲ್ಲವಂತೆ. ಕೂತಲ್ಲಿಂದಲೇ ಒಂದು ಕಲ್ಲು ಎಸೆದರೆ ಮುಂದಿನ ಟಗರಿನ ಮೂತಿಯ ಮುಂದೆ ಒಂದು ಗೇಣು ದೂರಕ್ಕೆ ಬೀಳುತ್ತಿತ್ತಂತೆ. ಟಗರಿಗೆ ತಾಗುತ್ತಿರಲಿಲ್ಲ, ಆದರೆ ಇಡೀ ಮಂದೆ ಹಿಂದಕ್ಕೆ ತಿರುಗುತ್ತಿತ್ತು. ಇದೆಲ್ಲ ನಾನು ಕಂಡಿದ್ದಲ್ಲ, ಊರಿನ ಹಿರಿಯರ ಬಾಯಲ್ಲಿ ಕೇಳಿದ್ದು. ಹೈಸ್ಕೂಲಿನವರೆಗೆ ನಾನು ಹುಡುಗರ ಜೊತೆ ಟೆನಿಸ್ ಬಾಲ್ ಕ್ರಿಕೆಟ್ ಆಡುತ್ತಿದ್ದೆ. ನನ್ನ ಬೌಲಿಂಗಿಗೆ ವಿಕೆಟ್ ಬಿದ್ದಾಗಲೆಲ್ಲ ಕಟ್ಟೆಯ ಮೇಲಿದ್ದ ಮುದುಕರು, "ಅಜ್ಜಿ ಕೈಯೇ ಬಂದೈತೆ ನೋಡ್ರಿ" ಎನ್ನುತ್ತಿದ್ದರು. ಆ ಮಾತಿನ ಬಲದಲ್ಲಿ ನಾನು ಎಷ್ಟೋ ದಿನ ಎದೆಯುಬ್ಬಿಸಿ ಓಡಾಡಿದ್ದೇನೆ.

ನಾನು ಕಂಡ ಅಜ್ಜಿಗೆ ಎಡಭುಜದ ನೋವು. ಆ ಕೈಯನ್ನು ಹೆಗಲಿನಿಂದ ಮೇಲೆ ಎತ್ತಲಾಗುತ್ತಿರಲಿಲ್ಲ. ಪ್ರತಿ ಶನಿವಾರ ಹರಳೆಣ್ಣೆ ಬಿಸಿ ಮಾಡಿ ಆ ಭುಜಕ್ಕೆ ತಿಕ್ಕುವುದು ನನ್ನ ಪಾಲಿನ ಕೆಲಸ. ಚಿಕ್ಕವಳಿದ್ದಾಗಿನಿಂದ ತಿಕ್ಕಿದ್ದೇನೆ. ವಯಸ್ಸಾದವರಿಗೆ ಎಲ್ಲಾದರೊಂದು ಕಡೆ ನೋವು ಇರುತ್ತದೆ ಎಂದುಕೊಂಡು ತಿಕ್ಕಿದ್ದೇನೆ, ಅಷ್ಟೇ.

ಪಿಯುಸಿ ಮುಗಿಸಿ ಜೆರಾಕ್ಸ್ ಅಂಗಡಿ ಸೇರಿದ ಮೇಲೆ ನನ್ನ ಸಂಬಳದಲ್ಲಿ ಚಿತ್ರದುರ್ಗದಿಂದ ಒಂದು ಹಳೆಯ ಗೇಮ್ ಪೆಟ್ಟಿಗೆ ತಂದು ಟೀವಿಗೆ ಸಿಕ್ಕಿಸಿದೆ. ಬಯಲಿನಲ್ಲಿ ಆಡುವುದು ನಿಂತುಹೋಗಿತ್ತು, ದೊಡ್ಡ ಹುಡುಗಿ ಹುಡುಗರ ಜೊತೆ ಆಡಿದರೆ ಊರು ಸುಮ್ಮನಿರುತ್ತದೆಯೇ? ಸಂಜೆ ಕೆಲಸದಿಂದ ಬಂದು ಕ್ರಿಕೆಟ್ ಗೇಮ್ ಹಾಕಿದರೆ ಅಜ್ಜಿ ಪಕ್ಕದಲ್ಲಿ ಕಾಲು ನೀಡಿ ಕೂರುತ್ತಿದ್ದಳು. ಮೊದಲು ನಿಜವಾದ ಮ್ಯಾಚ್ ಎಂದುಕೊಂಡಿದ್ದಳು. ನಾನು ಗುಂಡಿ ಒತ್ತಿದ ಹಾಗೆ ಅವರು ಓಡುತ್ತಾರೆಂದು ತಿಳಿದಾಗ ಅವಳ ಸಂಭ್ರಮ ನೋಡಬೇಕಿತ್ತು.

"ನೀ ಹೇಳ್ದಂಗೆ ಕೇಳ್ತಾವಲ್ಲೇ! ನನ್ ಕುರೀನೂ ಇಷ್ಟು ಕೇಳ್ತಿರ್ಲಿಲ್ಲ."

ಆಮೇಲೆ ಫೀಲ್ಡಿಂಗ್ ನಿಲ್ಲಿಸುವುದು ಅವಳ ಕೆಲಸವಾಯಿತು. "ಆ ಮೂಲೆ ಖಾಲಿ ಐತೆ, ಅಲ್ಲಿಂದ್ಲೇ ನುಗ್ತಾನೆ ನೋಡು, ಒಬ್ಬನ್ನ ಕಳ್ಸು" ಎನ್ನುತ್ತಿದ್ದಳು. ಚೆಂಡು ನುಗ್ಗುತ್ತಿದ್ದದ್ದೂ ಅಲ್ಲಿಂದಲೇ. ಕ್ರಿಕೆಟ್ಟಿನ ಒಂದು ನಿಯಮವೂ ಗೊತ್ತಿಲ್ಲದ ಅವಳು ಮಂದೆಯ ಲೆಕ್ಕದಲ್ಲಿ ನನಗೆ ಎಷ್ಟು ಮ್ಯಾಚ್ ಗೆಲ್ಲಿಸಿಕೊಟ್ಟಳೋ. ಒಂದು ದಿನ ಇದ್ದಕ್ಕಿದ್ದಂತೆ ಕೇಳಿದಳು, "ಇದ್ರಾಗೆ ಹೆಣ್ಮಕ್ಳು ಇಲ್ವೇನೇ?" ಇರಲಿಲ್ಲ. ನನಗೆ ಅದು ಅಲ್ಲಿಯವರೆಗೆ ಹೊಳೆದೂ ಇರಲಿಲ್ಲ.

ಅದೇ ಸಮಯಕ್ಕೆ ದುರ್ಗದ ಗೇಮ್ ಅಂಗಡಿಯವರು ಒಂದು ಸುದ್ದಿ ಹೇಳಿದರು. ಬಸ್ ಸ್ಟ್ಯಾಂಡಿನಿಂದ ಎರಡು ತಿರುವು ಒಳಗಿದ್ದ ಪುಟ್ಟ ಅಂಗಡಿ, ಮುಂದೆ ಮೊಬೈಲ್ ರಿಪೇರಿ, ಹಿಂದಿನ ಗಾಜಿನ ಬೀರುವಿನಲ್ಲಿ ಗೇಮ್ ಡಿಸ್ಕುಗಳು. ಹೊಸ ಕ್ರಿಕೆಟ್ ಗೇಮಿನಲ್ಲಿ ಹೆಣ್ಣುಮಕ್ಕಳ ತಂಡವೂ ಇರುತ್ತದಂತೆ, ನಮಗೆ ಬೇಕಾದ ಆಟಗಾರ್ತಿಯನ್ನು ನಾವೇ ಮಾಡಿಕೊಳ್ಳಬಹುದಂತೆ, ಇನ್ನೆರಡು ತಿಂಗಳಲ್ಲಿ ಬಿಡುಗಡೆ. ನಾನು ಅಲ್ಲೇ ಹೆಸರು ಬರೆಸಿದೆ. ಮನೆಗೆ ಬಂದು, "ಅಜ್ಜಿ, ನಿನ್ನನ್ನ, ನನ್ನನ್ನ ಇಬ್ರನ್ನೂ ಟೀವೀಲಿ ಆಡಿಸ್ತೀನಿ" ಎಂದೆ.

ಅಷ್ಟರಲ್ಲಿ ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಕಣ್ಣಿನ ಶಿಬಿರದಲ್ಲಿ ಡಾಕ್ಟರು ಆಪರೇಷನ್ ಆಗಬೇಕು ಎಂದಿದ್ದರು. ಅಜ್ಜಿಗೆ ಕತ್ತಿ ಎಂದರೆ ಭಯ. ಇವತ್ತು ಅಮಾವಾಸ್ಯೆ, ನಾಳೆ ಹಬ್ಬ, ನಾಡಿದ್ದು ಯಾರದೋ ಮದುವೆ ಎಂದು ದಿನ ದೂಡುತ್ತಿದ್ದಳು. ಅಮ್ಮ ಹೇಳಿ ಹೇಳಿ ಸೋತಿದ್ದಳು. ಆಗ ನನ್ನ ತಲೆ ಓಡಿತು. ಅಜ್ಜಿ ಹಾಲುರಾಮೇಶ್ವರನಿಗೆ ನಡೆದುಕೊಳ್ಳುವವಳು. ಅವಳು ಮುಡಿಪು ಕಟ್ಟಿದಳೆಂದರೆ ಮುಗಿಯಿತು, ಅರಿಶಿನದ ಬಟ್ಟೆಯಲ್ಲಿ ಒಂದು ನಾಣ್ಯ ಗಂಟು ಹಾಕಿ ದೇವರ ಗೂಡಿನ ಮೊಳೆಗೆ ನೇತುಹಾಕಿದರೆ, ಆಡಿದ ಮಾತು ಹಾಗೇ ನಡೆಯಬೇಕು. ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.

"ಹೆಣ್ಮಕ್ಳ ಆಟ ಬಂದ ಮಾರನೇ ದಿನ ಕಣ್ಣು ಮಾಡಿಸ್ಕಂತೀನಿ ಅಂತ ಮುಡಿಪು ಕಟ್ಟಜ್ಜಿ" ಎಂದೆ. ಎರಡು ತಿಂಗಳು ತಾನೇ ಎಂದು ಅವಳಿಗೂ ಧೈರ್ಯ ಬಂತೇನೋ, ಸ್ನಾನ ಮಾಡಿ ಬಂದು ಕಟ್ಟಿಯೇಬಿಟ್ಟಳು. ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ ಎಂದು ನಾನು ಅಮ್ಮನ ಮುಂದೆ ಬೀಗಿದ್ದೇ ಬೀಗಿದ್ದು.

ಎರಡು ತಿಂಗಳಾಯಿತು. ಆಟ ಬರಲಿಲ್ಲ. ಇನ್ನೂ ಚೆನ್ನಾಗಿ ಮಾಡಲು ಸ್ವಲ್ಪ ಸಮಯ ಬೇಕು, ನಿಮ್ಮ ತಾಳ್ಮೆಗೆ ಧನ್ಯವಾದ ಎಂದು ಕಂಪನಿಯವರು ನೆಟ್ಟಿನ ತಮ್ಮ ಪುಟದಲ್ಲಿ ಹಾಕಿದ್ದರು. ನನಗೆ ತಾಳ್ಮೆ ಇದೆ ಎಂದು ಇವರಿಗೆ ಹೇಳಿದವರು ಯಾರು? ದೀಪಾವಳಿಗೆ ಅಂದರು, ದೀಪಾವಳಿ ಹೋಯಿತು. ಯುಗಾದಿಯ ಹೊತ್ತಿಗೆ ಅಂದರು, ಬೇವು ಬೆಲ್ಲ ತಿಂದದ್ದಷ್ಟೇ ಬಂತು. ಸಂಬಳದ ವಾರದ ರಜೆಯಲ್ಲಿ ಬಸ್ಸು ಹತ್ತಿ ದುರ್ಗಕ್ಕೆ ಹೋಗಿ ಅಂಗಡಿಯವರ ಮುಂದೆ ನಿಲ್ಲುತ್ತಿದ್ದೆ.

"ಕುಂತ್ಕಳ್ರಿ ತಂಗಿ, ಟೀ ಹೇಳ್ತೀನಿ" ಎನ್ನುತ್ತಿದ್ದರು.

"ಟೀ ಬ್ಯಾಡ, ಆಟ ಎಲ್ಲೈತೆ ಹೇಳ್ರಿ."

"ಅದನ್ನ ನಾನು ಮಾಡ್ತೀನಾ ತಂಗಿ? ಮೇಲಿಂದ ಬಂದಿಲ್ಲ. ಮುಂದಿನ ತಿಂಗ್ಳು ಬರ್ರಿ."

ನಾನು ದಿನವೂ ಹೇಳುವ ಮಾತನ್ನೇ ಅವರು ನನಗೆ ಹೇಳುತ್ತಿದ್ದರು. ಆದರೂ ಬೈಯುತ್ತಿದ್ದೆ. ಪಾಪ, ಅವರು ತಿರುಗಿ ಒಂದು ಮಾತು ಆಡಲಿಲ್ಲ. ಒಮ್ಮೆ ಸಿಟ್ಟು ತಡೆಯಲಾರದೆ ಕಂಪನಿಯ ಪುಟದಲ್ಲಿ ಕನ್ನಡದಲ್ಲೇ ಬರೆದೆ: "ನಮ್ಮಜ್ಜಿಯ ಕಣ್ಣು ಹೋಗುತ್ತಿದೆ, ಬೇಗ ಬಿಡಿ." ಯಾರೋ ನಾಲ್ಕು ಜನ ನಗುವ ಮುಖ ಒತ್ತಿದರು. ನಿಮ್ಮ ಅನಿಸಿಕೆ ನಮಗೆ ಅಮೂಲ್ಯ ಎಂದು ಯಂತ್ರವೊಂದು ಉತ್ತರಿಸಿತು.

ಮುಡಿಪು ಬಿಚ್ಚಿಬಿಡು ಎಂದು ಅಜ್ಜಿಯ ಕಾಲು ಹಿಡಿದೆ. "ಕಟ್ಸಿದೋಳು ನೀನೇ, ಬಿಚ್ಚು ಅನ್ನೋಳೂ ನೀನೇನಾ? ಆಟ ಬರ್ಲಿ" ಎಂದಳು. ಅವಳಿಗೆ ಆಪರೇಷನ್ ತಪ್ಪಿದ್ದಕ್ಕೆ ಒಳಗೇ ಖುಷಿಯೋ, ದೇವರ ಮೇಲಿನ ಭಯವೋ, ಹೇಳುವುದು ಕಷ್ಟ. ಮಜ್ಜಿಗೆಯನ್ನು ಲೋಟದ ಹೊರಗೆ ಸುರಿದಳು. ಸೊಪ್ಪು ಸೋಸುವುದನ್ನು ಬಿಟ್ಟಳು. ಒಂದು ಸಂಜೆ ಭೀಮಸಮುದ್ರದ ಕಡೆಯಿಂದ ಅಡಿಕೆ ಹೇರಿದ ಟ್ರ್ಯಾಕ್ಟರ್ ಧೂಳೆಬ್ಬಿಸಿಕೊಂಡು ಬರುತ್ತಿತ್ತು. ಆ ಧೂಳಿನ ಕಡೆ ಮುಖ ಮಾಡಿ, "ಯಾರ ಮಂದೇನೇ ಅದು, ದೊಡ್ಡದೈತೆ" ಎಂದಳು. ಅರ್ಧ ಮೈಲಿ ದೂರದಿಂದ ಒಂದೊಂದು ಕುರಿಯನ್ನೂ ನಡಿಗೆಯಲ್ಲೇ ಗುರುತಿಸುತ್ತಿದ್ದವಳು. ನಾನು ಹಿತ್ತಿಲಿಗೆ ಹೋಗಿ ಅತ್ತೆ.

ಮಾರನೆಯ ಸಂಜೆಯೇ ಸುಳ್ಳು ಹೇಳಿದೆ. "ಅಜ್ಜಿ, ಆಟ ಬಂತು!" ಹಳೆಯ ಗೇಮನ್ನೇ ಹಾಕಿ, ಒಬ್ಬ ಬೌಲರನ ಹೆಸರು ಅಳಿಸಿ ಅಜ್ಜಿಯ ಹೆಸರು ಬರೆದು, ಸದ್ದು ತಗ್ಗಿಸಿದೆ. "ನೋಡು, ನೀನು ಓಡಿ ಬರ್ತಿದೀಯ" ಎಂದೆ. ಅವಳು ತಲೆ ಒಂದು ಪಕ್ಕಕ್ಕೆ ವಾಲಿಸಿ ಬಹಳ ಹೊತ್ತು ಕೂತಿದ್ದು, "ಚೆನ್ನಾಗೈತೆ" ಎಂದಳು. ಎದ್ದು ಗೋಡೆ ಹಿಡಿದುಕೊಂಡು ಹೋಗಿ ಮೊಳೆಯಿಂದ ಮುಡಿಪು ಇಳಿಸಿದಳು.

"ನಾಳೆ ದುರ್ಗಕ್ಕೆ ಹೋಗಾಣ."

ಒಂದು ಕಣ್ಣು, ತಿಂಗಳು ಬಿಟ್ಟು ಇನ್ನೊಂದು. ಇನ್ನೂ ತಡ ಮಾಡಿದ್ದರೆ ಕಷ್ಟವಾಗುತ್ತಿತ್ತು ಎಂದು ಡಾಕ್ಟರು ನನ್ನನ್ನೇ ಗದರಿಸಿದರು. ಗದರಿಸಲಿ, ನನಗೆ ಆ ದಿನ ಯಾರು ಏನಂದರೂ ಸಿಹಿಯೇ. ಮನೆಗೆ ಬಂದ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಅಂಗಳದಲ್ಲಿ ಕೂತ ಅಜ್ಜಿ ದಾರಿಯಲ್ಲಿ ಹೋಗುವವರನ್ನೆಲ್ಲ ಹೆಸರು ಹಿಡಿದು ಕರೆದು ಮಾತಾಡಿಸಿದಳು. ಕನ್ನಡಕ ತೆಗೆಯಬಹುದು ಎಂದ ದಿನ ಟೀವಿಯ ಮುಂದೆ ಬಂದು ಕೂತು, "ಹಾಕು ಆಟಾನ" ಎಂದಳು. ಏನೇನೋ ನೆಪ ಹೇಳಿ ನೋಡಿದೆ, ಬಿಡಲಿಲ್ಲ. ಹಾಕಿದೆ. ಅಜ್ಜಿಯ ಹೆಸರಿನ ಬೌಲರು ಓಡಿ ಬಂದ.

"ಲೇ, ಈ ಹುಡ್ಗೀಗೆ ಮೀಸೆ ಐತಲ್ಲೇ!"

ನಾನು ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕಣ್ಣು ಮಂಜಾಗಿತ್ತು, ಕಿವಿ ಚೆನ್ನಾಗಿತ್ತಲ್ಲೇ. ಅವತ್ತೂ ಬರೀ ಗಂಡಸ್ರೇ ಕೂಗ್ತಿದ್ರು."

"ಮತ್ತೆ ಗೊತ್ತಿದ್ದೂ ಯಾಕೆ ಮುಡಿಪು ಇಳ್ಸಿದ್ಯಜ್ಜಿ?"

"ನಿನ್ ಮುಖ ಕಾಣ್ತಿರ್ಲಿಲ್ಲ ಕಣೇ. ದನಿ ಒಂದೇ ಕೇಳ್ತಿತ್ತು, ದನಿ ತುಂಬ ಸಿಟ್ಟು. ಮುಖದಾಗೂ ಅಷ್ಟೇ ಸಿಟ್ಟೈತೋ ಏನೋ, ಒಂದ್ಸಲ ನೋಡಾಣ ಅನ್ನಿಸ್ತು." ಹಾಗೆಂದು ಎದ್ದು ಹೋಗಿ ಮುಡಿಪನ್ನು ಮತ್ತೆ ಅದೇ ಮೊಳೆಗೆ ಸಿಕ್ಕಿಸಿದಳು. "ನಿಂಗೆ ಸುಳ್ಳು ನಡೀತೈತೆ, ಹಾಲುರಾಮೇಶ್ವರಂಗೆ ನಡೆಯಲ್ಲ. ಆಟ ಬಂದ ಮೇಲೇನೇ ಮುಟ್ಸಾಣ."

ಆಟ ಬಂದದ್ದು ನನಗೆ ಮದುವೆಯಾಗಿ ಹಿರಿಯೂರು ಸೇರಿದ ಮೇಲೆ. ಅಷ್ಟರಲ್ಲಿ ನಾನು ಅಲ್ಲೇ ಒಂದು ಸ್ವಂತ ಜೆರಾಕ್ಸ್ ಅಂಗಡಿ ಇಟ್ಟಿದ್ದೆ, ಹೊಸ ಗೇಮ್ ಪೆಟ್ಟಿಗೆಯನ್ನೂ ಕೊಂಡಿದ್ದೆ. ಒಂದು ಮಧ್ಯಾಹ್ನ ದುರ್ಗದ ಅಂಗಡಿಯವರ ಫೋನು ಬಂತು. "ತಂಗಿ, ನಿಮ್ಮಾಟ ಬಂತು ಕಣ್ರಿ. ಆದ್ರೆ ಈಗ ನಾವು ಡಿಸ್ಕ್ ಇಡಲ್ಲ, ನೀವೇ ನೆಟ್ಟಿನಾಗೆ ಇಳಿಸ್ಕಳ್ರಿ. ನಿಮ್ಮ ಹೆಸ್ರು ಪುಸ್ತಕದಾಗೇ ಐತೆ, ಹೇಳ್ಬೇಕು ಅನ್ನಿಸ್ತು." ಬೀರು ತೆಗೆಸಿ ಈಗ ಮೊಬೈಲ್ ಕವರ್ ಮಾರುತ್ತಾರಂತೆ. ಅಷ್ಟು ಬೈಸಿಕೊಂಡ ಮನುಷ್ಯ ನೆನಪಿಟ್ಟುಕೊಂಡು ಫೋನು ಮಾಡಿದ್ದರು. ಬಾಯಿ ತುಂಬ ಕ್ಷಮೆ ಕೇಳಿದೆ. "ಟೀ ಕುಡಿಯಕ್ಕೆ ಬರ್ರಿ, ಅವತ್ತಿಂದು ಬಾಕಿ ಐತೆ" ಎಂದು ನಕ್ಕರು.

ಭಾನುವಾರ ಗೇಮ್ ಪೆಟ್ಟಿಗೆಯನ್ನು ಹೊದಿಕೆಯಲ್ಲಿ ಸುತ್ತಿ, ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಊರಿಗೆ ಹೋದೆ. ಅಜ್ಜಿಯನ್ನು ನಾನು ಹಿರಿಯೂರಿನಲ್ಲೇ ಮಾಡಿಟ್ಟಿದ್ದೆ. ಇಪ್ಪತ್ತರ ಹುಡುಗಿ, ಉದ್ದ ಜಡೆ, ಬಿಸಿಲಿಗೆ ಕಪ್ಪಾದ ಮೈ, ಅವಳದೇ ಚೂಪು ಮೂಗು. ಮೂರು ಸಂಜೆ ಕೂತು ಮೂಗು ತಿದ್ದಿದ್ದೆ. ಅಜ್ಜಿ ಟೀವಿಗೆ ಹತ್ತಿರ ಕೂತಳು. ಹುಡುಗಿ ಓಡಿ ಬಂದಳು, ಬಲಗೈ ಬೀಸಿದಳು, ಚೆಂಡು ಬಿತ್ತು.

"ಮೂಗು ನಂದೇ. ಇವ್ಳು ನಾನಲ್ಲ" ಎಂದಳು ಅಜ್ಜಿ.

"ಯಾಕಜ್ಜಿ?"

"ನಾನು ಎಸೀತಿದ್ದಿದ್ದು ಎಡಗೈಲಿ."

ಅವಳು ಬಲಗೈಯಿಂದ ತನ್ನ ಎಡಭುಜ ಮುಟ್ಟಿಕೊಂಡಳು. "ಎಸೆದೂ ಎಸೆದೂ ತಾನೇ ಇದು ಬಿದ್ದೋಗಿದ್ದು. ಅಷ್ಟು ವರ್ಷ ಎಣ್ಣೆ ತಿಕ್ಕಿದೋಳು ನೀನೇ ಅಲ್ವೇನೇ?"

ಹೌದು, ನಾನೇ. ಆ ಭುಜದ ಒಂದೊಂದು ಮೂಳೆಯೂ ನನ್ನ ಬೆರಳಿಗೆ ಗೊತ್ತು. ಯಾಕೆ ನೋಯುತ್ತದೆ ಎಂದು ಒಂದು ಶನಿವಾರವೂ ಕೇಳಿರಲಿಲ್ಲ. ಎಲ್ಲಿಯದೋ ಕಂಪನಿ ನನ್ನ ಅಜ್ಜಿಯನ್ನು ಇನ್ನೂ ಕೊಟ್ಟಿಲ್ಲವೆಂದು ಊರೆಲ್ಲ ಜಗಳವಾಡಿದವಳು, ಕೈಯಳತೆಯಲ್ಲಿ ಕೂತಿದ್ದವಳನ್ನು ಕೇಳದೆ ನನ್ನ ಬಲಗೈಯನ್ನೇ ಅವಳಿಗೆ ಅಂಟಿಸಿದ್ದೆ. ನಾಚಿಕೆಯಾಯಿತು. ಕಣ್ಣು ತುಂಬಿ ಬಂದು ಟೀವಿ ಕಾಣದಾಯಿತು.

"ಅಳ್ಬ್ಯಾಡ, ತಿದ್ದು. ಬರುತ್ತೋ ಇಲ್ವೋ?"

ಬರುತ್ತಿತ್ತು. ಒಂದೇ ಗುಂಡಿ. ಹುಡುಗಿ ಮತ್ತೆ ಓಡಿ ಬಂದಳು, ಜಡೆ ಹಾರಿತು, ಈ ಸಲ ಎಡಗೈ ಎದ್ದಿತು. ಪಕ್ಕದಲ್ಲಿ ಅಜ್ಜಿಯ ಎಡಗೈಯೂ ಮಡಿಲಿನಿಂದ ಒಂದಿಷ್ಟು ಮೇಲೆದ್ದು, ನೋವಿಗೆ ಅಲ್ಲೇ ನಿಂತಿತು. ಅವಳು ಅದನ್ನು ಇಳಿಸಲಿಲ್ಲ.

"ಹ್ಞಾ, ಈಗ ಬಂದ್ಲು ನೋಡು" ಎಂದಳು. ಕಣ್ಣು ಟೀವಿಯಿಂದ ಕೀಳದೆಯೇ, "ಹೋಗಿ ಮುಡಿಪು ಇಳ್ಸು" ಎಂದಳು.