ಮಂಜಣ್ಣನ ಬಂದೋಬಸ್ತು

ಮಂಜಣ್ಣ ಫೋನಿನಲ್ಲಿ ಮಾತಾಡುವಾಗಲೂ ಮಾಸ್ಕ್ ಹಾಕಿಕೊಳ್ಳುತ್ತಿದ್ದ. ಏಕೆಂದು ಕೇಳಿದರೆ, “ಆಚೆ ಕಡೆಯವ ಕೆಮ್ತಾ ಇದ್ದ” ಎನ್ನುತ್ತಿದ್ದ.

ಕುಮಟೆಯ ನಮ್ಮ ಓಣಿಯಲ್ಲಿ ಅವನದು ಎದುರುಮನೆ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ, ಯಾರೂ ವಹಿಸದಿದ್ದರೂ, ಓಣಿಯ ರಕ್ಷಣೆಯನ್ನು ತಾನೇ ವಹಿಸಿಕೊಂಡಿದ್ದ. ಕೋವಿಡ್ ಮತ್ತೆ ಏರುತ್ತಿದೆಯೆಂಬ ಸುದ್ದಿ ಬಂದಾಗ ನಾವೆಲ್ಲ ವಾಟ್ಸಾಪಿನಲ್ಲಿ ಬಂದದ್ದನ್ನು ನಂಬಿ ಕಷಾಯ ಕುದಿಸತೊಡಗಿದೆವು. ಮಂಜಣ್ಣ ಮಾತ್ರ ಬೆಳಿಗ್ಗೆ ಆಶಾ ಕಾರ್ಯಕರ್ತೆಗೆ ಫೋನು ಮಾಡಿ ವಿಚಾರಿಸಿ, ಗೇಟಿನಲ್ಲಿ ನಿಂತು ವರದಿ ಒಪ್ಪಿಸುತ್ತಿದ್ದ. ಹೊನ್ನಾವರದಲ್ಲಿ ಹೀಗೆ, ಭಟ್ಕಳದಲ್ಲಿ ಹಾಗೆ, ಗಾಬರಿ ಬೇಡ, ವಯಸ್ಸಾದವರು ಗುಂಪಿಗೆ ಹೋಗಬೇಡಿ, ಜ್ವರ ಬಂದರೆ ಮುಚ್ಚಿಡಬೇಡಿ.

ಈ ಗಾಂಭೀರ್ಯಕ್ಕೆ ನಗು ಬರುತ್ತಿತ್ತು. ಕಾರಣ ಗೊತ್ತಿದ್ದುದರಿಂದ ಜೋರಾಗಿ ನಗುತ್ತಿರಲಿಲ್ಲ. ಅವನ ಹೆಂಡತಿ ಸಾವಿತ್ರಿ ಅತ್ತಿಗೆ ಹಿಂದಿನ ಅಲೆಯಲ್ಲಿ ಆಸ್ಪತ್ರೆಯಿಂದ ಬದುಕಿ ಬಂದದ್ದೇ ಹೆಚ್ಚು. ಇನ್ನೊಂದು ಸಲ ಅವರ ಶ್ವಾಸಕೋಶ ತಡೆದುಕೊಳ್ಳಲಾರದು ಎಂದು ಡಾಕ್ಟರು ಹೇಳಿದ್ದರು.

ಹಾಗಾಗಿ ಮನೆಯೊಳಗೆ ಯಾರಿಗೂ ಪ್ರವೇಶವಿಲ್ಲ. ಆದರೆ ಬಂದವರನ್ನು ಕವಳ ಕೊಡದೆ ಕಳಿಸುವುದುಂಟೆ? ಎಲೆ ಅಡಿಕೆಯ ಹರಿವಾಣ ಜಗಲಿಗೆ ಬಂತು. ಬಂದವರು ಗೇಟಿನಲ್ಲಿ ಸ್ಯಾನಿಟೈಸರ್ ಹಚ್ಚಿಕೊಂಡು, ದೂರ ದೂರ ಹಾಕಿದ ಕುರ್ಚಿಗಳಲ್ಲಿ ಶಾಸ್ತ್ರೋಕ್ತವಾಗಿ ಕೂರುತ್ತಿದ್ದರು. ಆಮೇಲೆ ಮಾಸ್ಕನ್ನು ಗಡ್ಡಕ್ಕಿಳಿಸಿ, ಹರಿವಾಣದ ಸುತ್ತ ತಲೆಗೆ ತಲೆ ತಾಗಿಸಿ ಬಗ್ಗಿ, ಒಂದೇ ಸುಣ್ಣದ ಡಬ್ಬಿಗೆ ಸರದಿಯಂತೆ ಬೆರಳದ್ದಿ, ಕವಳ ಜಗಿಯುತ್ತ ಕೋವಿಡ್ಡಿನ ಚರ್ಚೆ ನಡೆಸುತ್ತಿದ್ದರು. ಎಲ್ಲರೂ ಹೋದ ಮೇಲೆ ಅತ್ತಿಗೆಯ ಕವಳಕ್ಕೂ ಅದೇ ಡಬ್ಬಿ. ಈ ಬಂದೋಬಸ್ತಿನಲ್ಲೊಂದು ತೂತಿದೆಯೆಂದು ಇಡೀ ಓಣಿಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ಭಟ್ಕಳದ ಅವನ ಭಾವ ಫೋನು ಮಾಡಿದಾಗ. ವಾರದ ಮೊದಲಲ್ಲಿ ಬಂದು ಜಗಲಿಯಲ್ಲಿ ಕವಳ ಹಾಕಿ ಹೋದ ಆತನಿಗೆ ಪಾಸಿಟಿವ್. ಫೋನು ಬಂದ ದಿನವೇ ಅತ್ತಿಗೆಗೆ ಕೆಮ್ಮು ಶುರುವಾಗಿತ್ತು.

ಅಂದು ಓಣಿಗೆ ವರದಿಯಿಲ್ಲ. ನನ್ನನ್ನು ಗೇಟಿನಾಚೆಯೇ ನಿಲ್ಲಿಸಿ ಮಂಜಣ್ಣ ಮೆಲ್ಲಗೆ ಹೇಳಿದ: “ತಮಾ, ನಿನ್ನ ಅತ್ತಿಗೆಗೆ ಎಂತಾದ್ರೂ ಆದ್ರೆ, ರೋಗ ಕೊಟ್ಟವ ನಾನೇ ಅಂತ ಆತು.”

ಒಳಗಿಂದ ಅತ್ತಿಗೆಯ ದನಿ ಬಂತು: “ಹಾಂಗೆಲ್ಲ ಎಂತೂ ಇಲ್ಲೆ ತಮಾ. ಇವ್ರ ಮುಖ ನೋಡಿದ್ರೇ ಕೆಮ್ಮು ಜಾಸ್ತಿ ಬತ್ತು.”

ಆಸ್ಪತ್ರೆಗೆ ನಾನೂ ಹೋದೆ. ಅಂದಿನ ಟೆಸ್ಟು ನೆಗೆಟಿವ್. ಡಾಕ್ಟರ ಮಾತಿನಂತೆ ಮತ್ತೆ ಕಾದು ಮಾಡಿಸಿದ್ದೂ ನೆಗೆಟಿವ್. ಬರಿಯ ಶೀತದ ಕೆಮ್ಮು. ಊರಿಗೆಲ್ಲ ಸುದ್ದಿ ಹೇಳುವ ಮಂಜಣ್ಣ ನರ್ಸಿನ ಮುಂದೆ ಕೈಕಟ್ಟಿ ನಿಂತು, “ಇನ್ನೊಂದ್ಸಲ ಹೇಳು ತಂಗಿ, ಇವಳೂ ಕೇಳ್ಲಿ” ಎಂದ.

“ಕೇಳ್ತು. ಕಿವಿಗೆ ಎಂತ ಆಜಿಲ್ಲೆ,” ಎಂದರು ಅತ್ತಿಗೆ.

ಮರುದಿನದಿಂದ ಹರಿವಾಣ ರದ್ದು. ಬಂದವರ ಕೈಗೆ ಕಟ್ಟಿದ ಬೀಡಾ. ಮನೆಗೆ ಹೋಗಿ ಜಗಿಯಬೇಕೆಂಬ ಹೊಸ ಕಾನೂನು. ಒಂದಿಬ್ಬರು ಮುನಿಸಿಕೊಂಡರು. ಅವನು ಲೆಕ್ಕಿಸಲಿಲ್ಲ.

ಆಮೇಲೆ ಗಂಡ ಹೆಂಡತಿ ಇಬ್ಬರೂ ಹೊನ್ನಾವರದ ಮಗಳ ಮನೆ ಸೇರಿದರು. ಮಂಜಣ್ಣ ಈಗಿಲ್ಲ. ನಿದ್ದೆಯಲ್ಲೇ ಹೋದ, ಕೋವಿಡ್ಡಿನ ಕೈವಾಡ ಏನೂ ಇರಲಿಲ್ಲ. ನಾನು ಅವನನ್ನು ಕೊನೆಯ ಸಲ ಕಂಡದ್ದು ಶರಾವತಿ ಸೇತುವೆಯ ಹತ್ತಿರ, ಸಂಜೆಯ ವಾಕಿಂಗಿನಲ್ಲಿ. ಅತ್ತಿಗೆ ಸರಸರ ಮುಂದೆ ನಡೆದಿದ್ದರು. ಅವನು ಏದುಸಿರು ಬಿಡುತ್ತ ಹಿಂದೆ. ಕರೆದೆ. ನಿಲ್ಲಲಿಲ್ಲ.

“ನಿಂತ್ರೆ ನಿನ್ನ ಅತ್ತಿಗೆ ಮುಂದೆ ಹೋಗಿಬಿಡ್ತು ತಮಾ,” ಎನ್ನುತ್ತ, ಪರಮ ಸಂತೋಷದಿಂದ, ಓಡಿದ.