ಹಳ್ಳದ ದಡದಲ್ಲಿ ನಿಲ್ಲುವ ಬಸ್ಸು

ಒಮಾನಿನ ಹಜರ್ ಬೆಟ್ಟಗಳ ಬೆನ್ನಿಗೆ ಈಗಷ್ಟೇ ಬೆಳಕು ತಾಗುತ್ತಿದೆ. ಖರ್ಜೂರದ ತೋಟಗಳ ಮೇಲೆ ತೆಳುಮಂಜು ಇನ್ನೂ ಮಲಗಿದೆ. ಸಿದ್ರಾ ಹಳ್ಳಿಯ ಮಕ್ಕಳನ್ನು ಶಾಲೆಗೆ ಒಯ್ಯುವ ಹಳದಿ ಬಸ್ಸು ಒಣಹಳ್ಳದ ಅಂಚಿನಲ್ಲಿ ನಿಲ್ಲುತ್ತದೆ. ಒಳಗೆ ಒಬ್ಬರ ಹೆಗಲ ಮೇಲೆ ಒಬ್ಬರ ತಲೆ, ಅರೆನಿದ್ದೆಯ ಉಸಿರು. ಚಾಲಕ ಹುಮೈದ್ ಕೆಳಗಿಳಿದು ಬೆಟ್ಟದ ಮೇಲಿನ ಠಾಣೆಯ ಪೊಲೀಸ್ ಯಾಕೂಬನಿಗೆ ಫೋನ್ ಮಾಡುತ್ತಾರೆ.

"ಮೇಲೆ ಹೇಗಿದೆಯೋ?"

"ಆಕಾಶ ತೊಳೆದಿಟ್ಟ ಹಾಗಿದೆ. ಹೊರಡು ಮಾರಾಯ, ನಂಗೂ ಕಾಫಿ ಕುಡಿಯಕ್ಕೆ ಬಿಡು."

ಬಸ್ಸು ಬಿಳಿ ಕಲ್ಲುಗಳ ನಡುವೆ ತೇಲಿದಂತೆ ಆಚೆ ದಡ ಸೇರುತ್ತದೆ.

ಹುಮೈದ್ ಹಿಂದೆ ಮರುಭೂಮಿಯ ಹೆದ್ದಾರಿಯಲ್ಲಿ ಸಿಮೆಂಟ್ ಲಾರಿ ಓಡಿಸುತ್ತಿದ್ದರು. ತಿಂಗಳುಗಟ್ಟಲೆ ಮನೆಯ ಮುಖ ಕಾಣದೆ, ಕೊನೆಗೆ ಸೊಂಟನೋವು ಹೊತ್ತುಕೊಂಡು ಊರಿಗೆ ಮರಳಿದರು. "ಸಿಮೆಂಟು ಮಾತಾಡಲ್ಲ. ಇಲ್ಲಿ ಒಬ್ಬೊಬ್ರದ್ದೂ ಒಂದೊಂದು ದೂರು. ಇದೇ ಚೆನ್ನಾಗಿದೆ," ಎಂದು ನಗುತ್ತಾರೆ.

ಹಿಂದಿನ ಚಳಿಗಾಲದ ಒಂದು ಮಧ್ಯಾಹ್ನವನ್ನು ಮಾತ್ರ ನಗದೆ ನೆನೆಯುತ್ತಾರೆ. ಶಾಲೆಯಿಂದ ಮರಳುವಾಗ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಆದರೆ ಯಾಕೂಬ್ ತಾನೇ ಫೋನ್ ಮಾಡಿದ: "ಮೇಲೆ ಜೋರು ಮಳೆ. ಇಳೀಬೇಡ." ಹುಮೈದ್ ಬಸ್ಸು ನಿಲ್ಲಿಸಿ, ಶಾಲೆಗೆ ಸುದ್ದಿ ತಿಳಿಸಿ, ಕೀಲಿಯನ್ನು ಜೇಬಿಗೆ ಹಾಕಿಕೊಂಡರು.

ಆಚೆ ದಡದಿಂದ ಪಿಕಪ್ ಗಾಡಿಯೊಂದು ಒಣಹಳ್ಳ ದಾಟಿ ಬಂತು. ಅದರಲ್ಲಿ ಬಸ್ಸಿನೊಳಗಿದ್ದ ಪುಟ್ಟ ಶಮ್ಸಾಳ ತಂದೆ ಖಮೀಸ್. ಬೆಳಿಗ್ಗೆ ಅವನಿಗೆ ಗಂಡುಮಗು ಹುಟ್ಟಿತ್ತು.

"ಮಗಳನ್ನ ಇಳಿಸು. ಅವಳ ಅಮ್ಮ ಕಾಯ್ತಿದ್ದಾಳೆ."

"ಮೇಲೆ ಮಳೆಯಂತೆ ತಮ್ಮಾ."

"ಇಲ್ಲಿ ನೀರೆಲ್ಲಿದೆ? ನನ್ನ ಮಗಳನ್ನ ನಾನು ಕರ್ಕೊಂಡು ಹೋಗಕ್ಕೆ ನಿನ್ನ ಅಪ್ಪಣೆ ಬೇಕಾ?"

ಹುಮೈದ್ ಬಾಗಿಲಿಗೆ ಅಡ್ಡ ನಿಂತು, ಶಾಲೆಯ ಮುಖ್ಯೋಪಾಧ್ಯಾಯಿನಿಗೆ ಫೋನ್ ಮಾಡಿ ಖಮೀಸನ ಕೈಗೆ ಕೊಟ್ಟರು. ಆಕೆ ಬೈಯಲಿಲ್ಲ. "ನಿಮ್ಮನೆಯವ್ರ ಹತ್ರ ಈಗಷ್ಟೇ ಮಾತಾಡ್ದೆ ಖಮೀಸ್. ಶಮ್ಸಾ ನಾಳೆ ಬಂದ್ರೂ ಸರಿ, ಕ್ಷೇಮವಾಗಿ ಬರ್ಲಿ ಅಂದ್ರು," ಎಂದರು. ಖಮೀಸ್ ಗೊಣಗುತ್ತ ಕಲ್ಲಿನ ಮೇಲೆ ಕೂತ. ಕಿಟಕಿಯೊಳಗೆ ಶಮ್ಸಾ ಅಳುತ್ತಿದ್ದಳು.

ಮೊದಲು ಬಂದದ್ದು ಒದ್ದೆಮಣ್ಣಿನ ವಾಸನೆ. ಹಿಂದೆಯೇ ತಿರುವಿನಾಚೆಯಿಂದ ಒಂದು ಗುಡುಗು. ಕೆಂಪು ನೀರು ಬುಡಮೇಲಾದ ಮರಗಳನ್ನು ಎತ್ತಿಕೊಂಡು ಬಂದು, ಖಮೀಸ್ ಗಾಡಿ ಓಡಿಸಿ ಬಂದಿದ್ದ ದಾರಿಯನ್ನೇ ನುಂಗಿತು. ಖಮೀಸ್ ಎದ್ದು ಬಂದು ಹುಮೈದರ ಭುಜ ಹಿಡಿದುಕೊಂಡ.

ಆ ಸಂಜೆ ಈಚೆ ದಡದ ಮನೆಗಳ ಹೆಂಗಸರು ಮಕ್ಕಳನ್ನು ಹಂಚಿಕೊಂಡು ಕರೆದೊಯ್ದರು. ಯಾವ ಮಗು ಯಾರ ಮನೆಯಲ್ಲಿದೆ ಎಂದು ಶಿಕ್ಷಕಿಯರು ಪ್ರತಿ ತಾಯಿಗೂ ತಿಳಿಸಿದರು. ಮರುದಿನ ನೀರು ಇಳಿದ ಮೇಲೆ ಯಾಕೂಬನೇ ಮುಂದೆ ನಿಂತು ಬಸ್ಸನ್ನು ದಾಟಿಸಿದ. ಶಮ್ಸಾ ಓಡಿಹೋಗಿ ತಮ್ಮನ ಬೆರಳು ಹಿಡಿದಳಂತೆ.

"ನನ್ನದೇನಿದೆ ಇದ್ರಲ್ಲಿ? ಯಾಕೂಬ್ ನೋಡ್ದ, ಟೀಚರಮ್ಮ ಹೇಳಿದ್ರು, ತಾಯಂದ್ರು ನಂಬಿದ್ರು. ನಾನು ಸುಮ್ನೆ ನಿಂತೆ ಅಷ್ಟೆ," ಎನ್ನುತ್ತಾರೆ ಹುಮೈದ್.

ಇಲ್ಲೊಂದು ಸೇತುವೆ ಬರಲಿದೆ ಎಂಬ ಸುದ್ದಿಯಿದೆ. ಅದನ್ನು ಕೇಳಿದರೆ ಅವರ ಕಣ್ಣು ಎಲ್ಲೋ ದೂರ ಹೋಗುತ್ತದೆ.

"ಬರ್ಲಿ. ಬಂದ ದಿನ ಮಕ್ಕಳನ್ನೆಲ್ಲ ಕೂರಿಸ್ಕೊಂಡು ಅದರ ಮೇಲೆ ಅತ್ತಿಂದಿತ್ತ, ಇತ್ತಿಂದತ್ತ ಓಡಾಡ್ತೀನಿ. ಶಾಲೆಗೆ ತಡವಾದ್ರೂ ಪರವಾಗಿಲ್ಲ."